ಬೆಳಿಗ್ಗೆ ಆರಕ್ಕೆ ಗೇಟು ಯಾರಿಗೆ ತೆರೆದಿರುತ್ತದೆ?

ಸರ್ಕಾರಿ ಈಜುಕೊಳದ ಗೇಟಿನ ಬಳಿ ಸಾಮಾನ್ಯವಾಗಿ ಎರಡು ಬೋರ್ಡ್ ಇರುತ್ತವೆ. ಒಂದರಲ್ಲಿ ಶುಲ್ಕ, ಇನ್ನೊಂದರಲ್ಲಿ ಬ್ಯಾಚುಗಳ ಸಮಯ. ಎಲ್ಲರ ಕಣ್ಣು ಮೊದಲನೆಯದರ ಮೇಲೆ ಬೀಳುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುವುದೂ ಶುಲ್ಕ ಏರಿದಾಗಲೇ. ಸಾವಧಾನವಾಗಿ ಓದಬೇಕಾದದ್ದು ಎರಡನೆಯ ಬೋರ್ಡನ್ನು.

ದುಡಿಯುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಬಿಡುವು ಸಿಗುವುದು ಬೆಳಿಗ್ಗೆ ಐದೂವರೆಯಿಂದ ಎಂಟು, ಸಂಜೆ ಐದೂವರೆಯಿಂದ ಎಂಟೂವರೆ. ದಿನಕ್ಕೆ ಐದೂವರೆ ಗಂಟೆ, ಅಷ್ಟೇ. ಈ ಅವಧಿಯೆಲ್ಲ ಕೋಚಿಂಗ್ ಬ್ಯಾಚುಗಳ ಪಾಲಾಗಿ, ‘ಸಾರ್ವಜನಿಕರಿಗೆ’ ಎಂದು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬಿಟ್ಟುಕೊಟ್ಟಿದ್ದರೆ, ಶುಲ್ಕ ಹತ್ತು ರೂಪಾಯಿ ಇದ್ದರೂ ಆ ಕೊಳ ಊರಿನದ್ದಲ್ಲ. ಮಹಿಳೆಯರ ಬ್ಯಾಚಿನ ಕಥೆಯೂ ಇದೇ. ಹಲವು ಕಡೆ ಅದು ಹತ್ತು ಗಂಟೆಗೋ ಮಧ್ಯಾಹ್ನ ಮೂರಕ್ಕೋ ಇರುತ್ತದೆ. ಹೆಂಗಸರೆಲ್ಲ ಆ ಹೊತ್ತಿಗೆ ಮನೆಯಲ್ಲಿ ಬಿಡುವಾಗಿರುತ್ತಾರೆ ಎಂದು ಯಾರೋ ಯಾವತ್ತೋ ಊಹಿಸಿ ಬರೆದ ಪಟ್ಟಿ ಅದು. ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಸಂಜೆ ಏಳರ ಬ್ಯಾಚು ಬೇಕು, ಜೊತೆಗೆ ಗೇಟಿನಿಂದ ಬಸ್ ನಿಲ್ದಾಣದವರೆಗೆ ದೀಪವೂ ಬೇಕು.

ದೆಹಲಿಯ ತ್ಯಾಗರಾಜ್ ಕ್ರೀಡಾಂಗಣದ ಪ್ರಕರಣ ಹಲವರಿಗೆ ನೆನಪಿರಬಹುದು. ಐಎಎಸ್ ಅಧಿಕಾರಿಯೊಬ್ಬರು ನಾಯಿ ಜೊತೆ ವಾಕಿಂಗ್ ಮಾಡಲೆಂದು ಅಥ್ಲೀಟ್‌ಗಳನ್ನು ಸಂಜೆ ಏಳಕ್ಕೇ ಹೊರಗೆ ಕಳಿಸಲಾಗುತ್ತಿದೆ ಎಂದು 2022ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ವರದಿಯಾಯಿತು. ವರದಿ ಬಂದ ದಿನವೇ ದೆಹಲಿ ಸರ್ಕಾರ ತನ್ನ ಎಲ್ಲ ಕ್ರೀಡಾಂಗಣಗಳನ್ನು ರಾತ್ರಿ ಹತ್ತರವರೆಗೆ ತೆರೆದಿಡಲು ಆದೇಶಿಸಿತು. ನಾಯಿಯ ಫೋಟೊ ಎಲ್ಲ ಕಡೆ ಹರಿದಾಡಿತು, ಆದೇಶದ ಬಗ್ಗೆ ಮಾತನಾಡಿದವರು ಕಡಿಮೆ. ಮೂರು ಗಂಟೆ ಹೆಚ್ಚಿಸಲು ಹೊಸ ಕಟ್ಟಡ ಕಟ್ಟಬೇಕಾಗಲಿಲ್ಲ, ಒಂದು ಹಾಳೆ ಸಾಕಾಯಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ, ನವೀಕರಿಸಿದ ದೆಹಲಿಯ ಕ್ರೀಡಾಂಗಣಗಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 2011ರಲ್ಲಿ ‘ಕಮ್ ಅಂಡ್ ಪ್ಲೇ’ ಯೋಜನೆಯಡಿ ಜನರಿಗೆ ತೆರೆದದ್ದೂ ಇಂಥದ್ದೇ ಒಂದು ಆಡಳಿತಾತ್ಮಕ ತೀರ್ಮಾನದಿಂದ.

ಇನ್ನು ಶುಲ್ಕ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಆರು ಲೇನಿನ 25 ಮೀಟರ್ ಕೊಳವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಲೇನಿಗೆ ಆರು ಜನರಂತೆ ಒಂದು ಬ್ಯಾಚಿಗೆ 36 ಮಂದಿ. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಬ್ಯಾಚು, ತಿಂಗಳಿಗೆ 26 ದಿನ. ಒಟ್ಟು 7,488 ಈಜು. ವಿದ್ಯುತ್, ಕ್ಲೋರಿನ್, ನೀರು, ಜೀವರಕ್ಷಕರ ಸಂಬಳ ಎಲ್ಲ ಸೇರಿ ತಿಂಗಳ ಖರ್ಚು 6 ಲಕ್ಷ ರೂ. ಎಂದು ಹಿಡಿದರೆ, ಕೊಳ ತುಂಬಿದಾಗ ಒಂದು ಈಜಿಗೆ 80 ರೂ. ಬೀಳುತ್ತದೆ. ಅರ್ಧ ಮಾತ್ರ ತುಂಬಿದರೆ 160 ರೂ. ಪಂಪು, ಫಿಲ್ಟರು, ಜೀವರಕ್ಷಕರು ಇವೆಲ್ಲ ಹತ್ತು ಜನ ಬಂದರೂ ಬೇಕು, ಮೂವತ್ತು ಜನ ಬಂದರೂ ಬೇಕು. ಹಾಗಾಗಿ ದರ ಏರಿಸಿ ಜನ ಕಡಿಮೆಯಾದರೆ ತಲಾ ಖರ್ಚು ಮತ್ತೆ ಏರುತ್ತದೆ. ಖಾಲಿ ಲೇನಿನಷ್ಟು ದುಬಾರಿಯಾದದ್ದು ಈಜುಕೊಳದಲ್ಲಿ ಬೇರೊಂದಿಲ್ಲ.

ಇದರ ಮೇಲೆ ಬಾಡಿಗೆ ಬಂದು ಕೂರುತ್ತದೆ. ಪಾಲಿಕೆ ಕೊಳವನ್ನು ಗುತ್ತಿಗೆಗೆ ಕೊಡುವಾಗ ಹೆಚ್ಚು ಬಾಡಿಗೆ ಕೂಗಿದವರಿಗೆ ಟೆಂಡರ್ ಒಲಿಯುತ್ತದೆ. ತಿಂಗಳಿಗೆ 2 ಲಕ್ಷ ರೂ. ಬಾಡಿಗೆ ಎಂದರೆ, ಅದೇ ಅರ್ಧ ತುಂಬಿದ ಕೊಳದಲ್ಲಿ ತಲಾ ಖರ್ಚು ಸುಮಾರು 214 ರೂ. ಆಗುತ್ತದೆ. ಪಾಲಿಕೆಯ ‘ಆದಾಯ’ ಎಂದು ಕಾಣುವ ಹಣ ಈಜಲು ಬಂದವನ ಜೇಬಿನಿಂದಲೇ ಹೋಗಿರುತ್ತದೆ. ಆ ಕೊಳ ಕಟ್ಟಿದ್ದೂ ಅವನ ತೆರಿಗೆಯಲ್ಲೇ. ಇಷ್ಟಾದ ಮೇಲೆ ಗುತ್ತಿಗೆದಾರರು ಏನು ಮಾಡುತ್ತಾರೆ? ತಲೆಗೆ ಹೆಚ್ಚು ಹಣ ತರುವ ಕೋಚಿಂಗ್ ಬ್ಯಾಚನ್ನು ಆರು ಗಂಟೆಗೆ ಹಾಕಿ, ಆಯಾ ದಿನ ಹಣ ಕೊಟ್ಟು ಈಜುವ ‘ಪೇ ಅಂಡ್ ಪ್ಲೇ’ ಜನರನ್ನು ಮಧ್ಯಾಹ್ನಕ್ಕೆ ತಳ್ಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವರನ್ನು ಬೈಯುವುದು ಸುಲಭ, ಆದರೆ ಹಾಗೆ ಮಾಡುವಂತೆ ಟೆಂಡರೇ ಅವರನ್ನು ನೂಕಿರುತ್ತದೆ.

ಟೆಂಡರನ್ನು ತಿರುಗಿಸಿ ಬರೆಯಬಹುದು. ಬಾಡಿಗೆಯನ್ನು ನಾಮಮಾತ್ರಕ್ಕೆ ನಿಗದಿ ಮಾಡಿ, ಬಳಕೆದಾರರಿಂದ ಅತಿ ಕಡಿಮೆ ಶುಲ್ಕ ಪಡೆಯುತ್ತೇವೆ ಎಂದವರಿಗೆ ಕೊಡುವುದು ಒಂದು ದಾರಿ. ನನಗೆ ಹೆಚ್ಚು ಸರಿ ಕಾಣುವುದು ಇನ್ನೊಂದು: ಬಾಡಿಗೆಯೂ ಶುಲ್ಕವೂ ಮೊದಲೇ ನಿಗದಿಯಾಗಿರಲಿ, ಬೆಳಿಗ್ಗೆ–ಸಂಜೆಯ ಆ ಐದೂವರೆ ಗಂಟೆಯಲ್ಲಿ ಸಾರ್ವಜನಿಕರಿಗೆ ಹೆಚ್ಚು ಲೇನ್-ಗಂಟೆ (ಒಂದು ಲೇನು ಒಂದು ಗಂಟೆ ತೆರೆದಿದ್ದರೆ ಒಂದು ಲೇನ್-ಗಂಟೆ) ಕೊಡುವವರು ಗೆಲ್ಲಲಿ. ಕಡಿಮೆ ಶುಲ್ಕದ ಭರವಸೆ ಗುಣಮಟ್ಟ ಕುಗ್ಗಿಸಿ ತಪ್ಪಿಸಿಕೊಳ್ಳಲು ಅವಕಾಶ ಕೊಡುತ್ತದೆ, ಲೇನ್-ಗಂಟೆಯನ್ನು ಗೇಟಿನಲ್ಲಿ ನಿಂತು ಎಣಿಸಬಹುದು. 2012ರ ಒಲಿಂಪಿಕ್ಸ್‌ಗೆಂದು ಲಂಡನ್ನಿನಲ್ಲಿ ಕಟ್ಟಿದ ಅಕ್ವಾಟಿಕ್ಸ್ ಸೆಂಟರನ್ನು 2014ರಲ್ಲಿ ಜನರಿಗೆ ತೆರೆದಾಗ, ಈಜಿನ ದರ ಸುತ್ತಲಿನ ಸ್ಥಳೀಯ ಕೊಳಗಳ ಮಟ್ಟದಲ್ಲೇ ಇರಬೇಕು ಎಂಬ ಮಾತು ಮೊದಲೇ ಆಗಿತ್ತು. ಒಲಿಂಪಿಕ್ ಕೊಳಕ್ಕೆ ಸಾಧ್ಯವಾದದ್ದು ವಾರ್ಡಿನ ಕೊಳಕ್ಕೆ ಅಸಾಧ್ಯವೇನಲ್ಲ.

ಗುತ್ತಿಗೆಯ ಅವಧಿಯನ್ನೂ ನೋಡಿ. ಹನ್ನೊಂದು ತಿಂಗಳಿನದ್ದಾದರೆ ಫಿಲ್ಟರಿನ ಮರಳನ್ನು ಯಾರೂ ಬದಲಿಸುವುದಿಲ್ಲ. ಅದರ ಲಾಭ ಮುಂದಿನವರಿಗೆ ತಾನೆ? ಮರಳು ಕಟ್ಟಿಕೊಂಡು ಹರಿವು ಕುಗ್ಗುತ್ತದೆ, ವಿದ್ಯುತ್ ಉಳಿಸಲು ಪಂಪು ಓಡಿಸುವ ಗಂಟೆಗಳೂ ಕುಗ್ಗುತ್ತವೆ, ನೀರು ಮಬ್ಬಾದಾಗ ಕ್ಲೋರಿನ್ ಸುರಿಯುತ್ತಾರೆ, ಕಣ್ಣು ಉರಿದ ಮಕ್ಕಳು ಬರುವುದು ನಿಲ್ಲಿಸುತ್ತಾರೆ. ನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) 7.2ರಿಂದ 7.8ರ ನಡುವೆ, ಮುಕ್ತ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಈ ಎರಡು ಅಂಕಿಗಳನ್ನು ಪ್ರತಿ ಬೆಳಿಗ್ಗೆ ಬೋರ್ಡಿನಲ್ಲಿ ಬರೆಯಬೇಕೆಂಬ ಷರತ್ತು ಕರಾರಿನಲ್ಲಿರಲಿ. ಮೂವತ್ತು ವರ್ಷದ ಗುತ್ತಿಗೆಯಾದರೆ ತೊಂದರೆ ತಿರುಗುಮುರುಗು: ನಿಧಾನವಾಗಿ ಸದಸ್ಯತ್ವ ಬರುತ್ತದೆ, ಆಮೇಲೆ ‘ಸದಸ್ಯರಿಗೆ ಮಾತ್ರ’ ಎಂಬ ಬೋರ್ಡ್ ಬರುತ್ತದೆ. ಐದು ವರ್ಷ, ಒಪ್ಪಿಸುವಾಗಲೂ ಹಿಂತೆಗೆದುಕೊಳ್ಳುವಾಗಲೂ ಪಂಪಿನಿಂದ ಬೆಂಚಿನವರೆಗೆ ವಸ್ತುಗಳ ಪಟ್ಟಿಗೆ ಸಹಿ, ಇದು ಹದವಾದ ವ್ಯವಸ್ಥೆ.

ಓಟದ ಟ್ರ್ಯಾಕಿಗೆ ಬಂದರೆ ಬೇರೆಯದೇ ವಾದ ಕೇಳುತ್ತದೆ: ಜನರನ್ನು ಒಳಗೆ ಬಿಟ್ಟರೆ ಸಿಂಥೆಟಿಕ್ ಹಾಸು ಹಾಳಾಗುತ್ತದೆ. ಸಿಂಥೆಟಿಕ್ ಪದರದ ದಪ್ಪ ಸುಮಾರು 13 ಮಿಲಿಮೀಟರ್, ಅದರ ಕೆಳಗೆ ಡಾಂಬರಿನ ಹಾಸು. ಚಪ್ಪಟೆ ರಬ್ಬರ್ ಅಟ್ಟೆಯ ಶೂ ಹಾಕಿ ನಡೆಯುವವರಿಂದ ಇದಕ್ಕೆ ಆಗುವ ಹಾನಿ ತೀರಾ ಕಡಿಮೆ. ಟ್ರ್ಯಾಕನ್ನು ಕೊಲ್ಲುವುದು ಬೇರೆಯವು. ವೇದಿಕೆಯ ಸಾಮಾನು ತಂದ ಲಾರಿ ತಿರುವಿನಲ್ಲಿ ಚಕ್ರ ತಿರುಗಿಸಿದಾಗ ಪದರ ಕಿತ್ತುಬರುತ್ತದೆ. ಶಾಮಿಯಾನದ ಕಂಬ, ಕಬ್ಬಿಣದ ಕುರ್ಚಿಯ ಕಾಲು ಚುಚ್ಚಿದ ಕಡೆ ನೀರು ಇಳಿದು, ಡಾಂಬರಿನಿಂದ ಪದರ ಬಿಟ್ಟು ಗುಳ್ಳೆ ಏಳುತ್ತದೆ. ಚರಂಡಿ ಕಟ್ಟಿಕೊಂಡರೆ ಒಂದನೇ ಲೇನು ಮೊದಲು ಸಾಯುತ್ತದೆ. ಅಂದರೆ ವಾಕಿಂಗ್ ಬಂದ ನಿವೃತ್ತ ಮೇಷ್ಟ್ರನ್ನು ಹೊರಗಿಟ್ಟು, ಸಮಾರಂಭದ ಲಾರಿಗೆ ಗೇಟು ತೆಗೆಯುವ ಕಡೆಗಳಲ್ಲಿ ಟ್ರ್ಯಾಕು ಉಳಿಯುವುದಿಲ್ಲ.

ಒಳ ಲೇನುಗಳು ಅಥ್ಲೀಟ್‌ಗಳಿಗೆ, 6ರಿಂದ 8ನೇ ಲೇನು ನಡೆಯುವವರಿಗೆ ಎಂದು ಹಂಚಿದರೆ ಇಬ್ಬರಿಗೂ ಜಾಗವಿದೆ. ಲೇನಿನ ಅಗಲ 1.22 ಮೀಟರ್, ಹಾಗಾಗಿ ಎಂಟನೇ ಲೇನಿನಲ್ಲಿ ಒಂದು ಸುತ್ತು ಸುಮಾರು 453 ಮೀಟರ್ ಆಗುತ್ತದೆ. ನಡೆಯುವವರಿಗೆ ಅದು ನಷ್ಟವೇನಲ್ಲ. ಸ್ಪೈಕ್ಸ್ ಹಾಕುವವರು ಅಭ್ಯಾಸಕ್ಕೆ 6 ಮಿಲಿಮೀಟರ್ ಮೊಳೆ ಬಳಸಲಿ. ಓಟದ ಸ್ಪರ್ಧೆಗಳಲ್ಲೂ ಮಿತಿ 9 ಮಿಲಿಮೀಟರ್. ವಾಹನ ದಾಟಲೇಬೇಕಾದರೆ ಒಂದೇ ಜಾಗದಲ್ಲಿ, ದಪ್ಪ ಪ್ಲೈವುಡ್ ಹಾಸಿ, ನೇರವಾಗಿ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಈ ಜಗಳವನ್ನೆಲ್ಲ ಕಂಡಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ. 2014ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ತವರು ಮೈದಾನವಾದ ಮೇಲೆ, ಅಭ್ಯಾಸಕ್ಕೆ ಸಮಯ ಸಿಗುತ್ತಿಲ್ಲ ಎಂದು ಅಥ್ಲೀಟ್‌ಗಳು, ಕೋಚ್‌ಗಳು ಪ್ರತಿಭಟಿಸಿದರು, ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿತು. ಫುಟ್‌ಬಾಲ್ ಅಭಿಮಾನಿಗಳಿಗೂ ಆ ಮೈದಾನದ ಮೇಲೆ ಹಕ್ಕಿದೆ, ಪಶ್ಚಿಮ ದಿಕ್ಕಿನ ಗ್ಯಾಲರಿಯ ಆ ಗದ್ದಲ ಊರಿಗೆ ಬೇಕಾದದ್ದೇ. ಎಡವಟ್ಟಾಗುವುದು ದಿನಗಳ ಲೆಕ್ಕದಲ್ಲಿ. ಒಂದು ಸಂಜೆಯ ಕಾರ್ಯಕ್ರಮ ತಿನ್ನುವುದು ಒಂದೇ ದಿನವನ್ನಲ್ಲ. ಕಟ್ಟಲು ಎರಡು ದಿನ, ಬಿಚ್ಚಲು ಒಂದೂವರೆ ದಿನ, ಕಸ ತೆಗೆಯಲು ಇನ್ನರ್ಧ ದಿನ ಹಿಡಿದರೆ, ಕಾರ್ಯಕ್ರಮದ ದಿನವೂ ಸೇರಿ ಒಟ್ಟು ಐದು. ವರ್ಷಕ್ಕೆ ಹದಿನೈದು ಕಾರ್ಯಕ್ರಮ ಎಂದರೆ 75 ದಿನ ಓಟಗಾರರು ಬೀದಿಯಲ್ಲಿ. ಬಾಡಿಗೆ ಕರಾರಿನಲ್ಲಿ ಬರೆಯಬೇಕಾದದ್ದು ಕಾರ್ಯಕ್ರಮಗಳ ಸಂಖ್ಯೆಯನ್ನಲ್ಲ, ಗೇಟು ಮುಚ್ಚುವ ದಿನಗಳ ಸಂಖ್ಯೆಯನ್ನು. ಮುಚ್ಚುವ ತಾರೀಖು ಕನಿಷ್ಠ ಹದಿನೈದು ದಿನ ಮೊದಲೇ ಗೇಟಿನಲ್ಲಿ ಬರೆದಿರಬೇಕು. ನೋಡಲು ಬರುವವರ ವಿಷಯದಲ್ಲಿ ಇದೇ ಕಂಠೀರವದಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ: 2025ರ ಜುಲೈನಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟದ ಟಿಕೆಟ್ 199 ರೂಪಾಯಿಯಿಂದ ಶುರುವಾಗಿತ್ತು. ವಿಶ್ವದರ್ಜೆಯ ಕೂಟಕ್ಕೆ ಅಪ್ಪ ಮಗಳು ನಾನೂರು ರೂಪಾಯಿಯೊಳಗೆ ಹೋಗಬಹುದಿತ್ತು.

ಶುಲ್ಕದ ಬೋರ್ಡಿನಲ್ಲಿ ಕಾಣದ ಖರ್ಚುಗಳೂ ಇವೆ. ಮೂರು ತಿಂಗಳ ಹಣ ಮುಂಗಡ ಕೇಳಿದರೆ ದಿನಗೂಲಿಯವರು ಅಲ್ಲಿಗೇ ಹಿಂದಿರುಗುತ್ತಾರೆ. ಬುಕಿಂಗ್ ಆ್ಯಪ್‌ನಲ್ಲಿ ಮಾತ್ರ ಎಂದರೆ, ಅಮ್ಮನ ಫೋನಿಗೆ ಓಟಿಪಿ ಬರುವ ಹುಡುಗ ಬ್ಯಾಡ್ಮಿಂಟನ್ ಕೋರ್ಟಿನ ಹೊರಗೇ ನಿಲ್ಲುತ್ತಾನೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಈಜು ಉಚಿತ ಎಂದು ಘೋಷಿಸಿ, ನೈಲಾನ್ ಕಾಸ್ಟ್ಯೂಮು, ಕ್ಯಾಪು, ಗಾಗಲ್ಸ್ ಕಡ್ಡಾಯ ಮಾಡಿದರೆ ಯಾರೂ ಬರುವುದಿಲ್ಲ. ಎರವಲು ಕೊಡಲು ಮೂವತ್ತು ಸೆಟ್ ಇಟ್ಟುಕೊಂಡು ನೋಡಿ, ಬ್ಯಾಚು ತುಂಬುತ್ತದೆ. ಗಾಲಿಕುರ್ಚಿಯವರಿಗೆ ಇಳಿಜಾರು 1:12 ಇರಬೇಕು, ಅಂದರೆ 60 ಸೆಂಟಿಮೀಟರ್ ಎತ್ತರದ ಜಗಲಿಗೆ 7.2 ಮೀಟರ್ ಉದ್ದ. ಎರಡು ಮೀಟರಿನಲ್ಲಿ ಕಡಿದಾಗಿ ಸುರಿದ ಸಿಮೆಂಟಿನ ಜಾರುಬಂಡೆ ರ‍್ಯಾಂಪ್ ಅಲ್ಲ.

ನಿಮ್ಮೂರಿನ ಕೊಳದ, ಮೈದಾನದ ಕರಾರಿನಲ್ಲಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂ., ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಎರಡು ಕಾರಣಕ್ಕೇ ಎಷ್ಟೋ ಅರ್ಜಿಗಳು ವಾಪಸ್ ಬರುತ್ತವೆ. ಆದ್ದರಿಂದ ಚಿಕ್ಕದಾಗಿ ಬರೆಯಿರಿ:

“ವಿಷಯ: (ಹೆಸರು) ಕ್ರೀಡಾಂಗಣದ ನಿರ್ವಹಣೆ ಮತ್ತು ಬಳಕೆ. ದಯವಿಟ್ಟು ಕೆಳಗಿನ ದಾಖಲೆಗಳ ಪ್ರತಿ ನೀಡಿ. ನಿರ್ವಹಣೆ/ಗುತ್ತಿಗೆ ಕರಾರು, ಅದರ ಅನುಬಂಧಗಳು ಮತ್ತು ವಿಸ್ತರಣಾ ಆದೇಶಗಳು. ಅನುಮೋದಿತ ಶುಲ್ಕ ಪಟ್ಟಿ ಮತ್ತು ಅದನ್ನು ಅನುಮೋದಿಸಿದ ಆದೇಶ. ಅನುಮೋದಿತ ದೈನಂದಿನ ವೇಳಾಪಟ್ಟಿ. ಕಳೆದ 12 ತಿಂಗಳ ಬುಕಿಂಗ್ ರಿಜಿಸ್ಟರ್. ಕಳೆದ 12 ತಿಂಗಳಲ್ಲಿ ಇಲಾಖೆ ನಡೆಸಿದ ತಪಾಸಣಾ ವರದಿಗಳು.”

ಕಾರಣ ಬರೆಯಬೇಕಿಲ್ಲ. ‘ಏಕೆ’ ಎಂಬ ಪ್ರಶ್ನೆಯನ್ನೂ ಕೇಳಬೇಡಿ, ದಾಖಲೆ ಮಾತ್ರ ಕೇಳಿ. ಅರ್ಜಿ ಹೋಗಬೇಕಾದದ್ದು ಗುತ್ತಿಗೆದಾರರಿಗಲ್ಲ, ಜಾಗದ ಒಡೆತನವಿರುವ ಇಲಾಖೆ ಅಥವಾ ಪಾಲಿಕೆಗೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ನಗರ ಪಾಲಿಕೆಗಳಿವೆ. ಕಡತ ಎಲ್ಲಿದೆ ಎಂದು ಗೊತ್ತಾಗದಿದ್ದರೂ ಚಿಂತೆಯಿಲ್ಲ, ಕಾಯ್ದೆಯ 6(3)ನೇ ಕಲಂ ಪ್ರಕಾರ ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ‘ವಾಣಿಜ್ಯ ಗೋಪ್ಯತೆ’ ಎಂದು 8(1)(ಡಿ) ತೋರಿಸಿ ನಿರಾಕರಿಸಿದರೆ, ಹೆಚ್ಚಿನ ಸಾರ್ವಜನಿಕ ಹಿತವಿದ್ದಾಗ ಕೊಡಬೇಕು ಎಂದು ಅದೇ ಕಲಮಿನಲ್ಲಿದೆ, ಮೇಲ್ಮನವಿಯಲ್ಲಿ ಆ ಸಾಲನ್ನೇ ಬರೆಯಿರಿ.

ಕರಾರು ಕೈಗೆ ಬಂದ ದಿನ ಅದನ್ನು ಹಿಡಿದು ಗೇಟಿಗೆ ಹೋಗಿ, ಎರಡನೆಯ ಬೋರ್ಡಿನ ಪಕ್ಕದಲ್ಲಿಟ್ಟು ಓದಿ. ಎರಡೂ ತಾಳೆಯಾಗದ ಸಾಲುಗಳಿಗೆ ಗೆರೆ ಹಾಕಿ, ಬೋರ್ಡಿನ ಫೋಟೊ ತಾರೀಖಿನ ಸಮೇತ ತೆಗೆದು, ಅದೇ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಳಿಗ್ಗೆ ಆರರ ಬ್ಯಾಚಿಗೆ ಬರಲು ಸಿದ್ಧರಿರುವ ಇಪ್ಪತ್ತು ಜನರ ಸಹಿ ಅದರ ಕೆಳಗೆ ಇರಲಿ.