‘ದೇವರು’ ಪುಸ್ತಕ ಐದು ಮನೆ ಸುತ್ತಿ ಬಂತು

ಒಂದೂವರೆ ವರ್ಷದ ಹಿಂದೆ ನನ್ನ ಮೇಜು ಬಿಟ್ಟು ಹೋದ ಪುಸ್ತಕ ಹೋದ ಭಾನುವಾರ ವಾಪಸ್ ಬಂತು. ಬೆನ್ನು ಬಿಟ್ಟಿದೆ. ಮಳೆಗಾಲದಲ್ಲಿ ಯಾರದೋ ಮನೆಯಲ್ಲಿ ತೇವ ಹಿಡಿದು ಪುಟಗಳ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ನನಗೆ ಬೇಜಾರಿಲ್ಲ. ಐದು ಮನೆ ಸುತ್ತಿದ ಪುಸ್ತಕ ಹೀಗೇ ಇರಬೇಕು.

ಪುಸ್ತಕ ಎ.ಎನ್. ಮೂರ್ತಿರಾಯರ ‘ದೇವರು’. ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ. ಇಂಗ್ಲಿಷ್ ಮೇಷ್ಟ್ರು, ‘ಹಗಲುಗನಸುಗಳು’ ಬರೆದ ಲಲಿತ ಪ್ರಬಂಧಕಾರರು. ‘ದೇವರು’ ಹೊರಬಂದದ್ದು 1991ರಲ್ಲಿ, ಅಂದರೆ ಅವರಿಗೆ 91 ತುಂಬಿದ ವರ್ಷ. ಪಂಪ ಪ್ರಶಸ್ತಿಯೂ ಬಂತು. ಜಗತ್ತನ್ನು ಸೃಷ್ಟಿಸಿದ, ಎಲ್ಲ ಬಲ್ಲ, ಎಲ್ಲರ ಮೇಲೆ ಕರುಣೆ ಇರುವ ಒಬ್ಬ ದೇವರು ನಿಜವಾಗಿ ಇದ್ದಾನಾ ಅಂತ ಅವರು ಸಮಾಧಾನವಾಗಿ ಕೇಳಿಕೊಂಡು ಹೋಗುತ್ತಾರೆ. ಅವರಿಗೆ ಸಿಕ್ಕ ಉತ್ತರ ‘ಇಲ್ಲ’. ಎಲ್ಲೂ ಕಿರುಚಾಟ ಇಲ್ಲ. ಜಗಲಿಯಲ್ಲಿ ಕೂತ ಅಜ್ಜ ನಮ್ಮ ಹತ್ತಿರ ಮಾತಾಡಿದ ಹಾಗೆ ಉಂಟು.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ದಿನಾ ಪೂಜೆ ಇರುವ ಮನೆಯಲ್ಲಿ ಬೆಳೆದವಳು ನಾನು, ಆದರೆ ನಂಬಿಕೆ ಉಳಿಯಲಿಲ್ಲ. ಆ ಪುಸ್ತಕ ಓದಿದ್ದರಿಂದ ಹೋದದ್ದಲ್ಲ, ಹೋದ ಮೇಲೆ ಓದಿದ್ದು. ಓದಿದಾಗ, ಹೀಗೆ ಅನಿಸಿದವಳು ನಾನೊಬ್ಬಳೇ ಅಲ್ಲ ಅನ್ನುವ ಧೈರ್ಯ ಬಂತು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಇಂಥ ಮಾತನ್ನು ಬಾಯಿಬಿಟ್ಟು ಆಡಲು ಜಾಗ ಕಡಿಮೆ. ಹಾಗಾಗಿ ಓದಿದವರು ಎಂತ ಹೇಳುತ್ತಾರೆ ಅಂತ ಕೇಳುವ ಆಸೆ ನನಗೆ ಜಾಸ್ತಿ ಇತ್ತು.

ಮೊದಲು ಹೋದದ್ದು ಚಿಕ್ಕಮ್ಮನ ಮನೆಗೆ. ನಾನು ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡು ಹೋದದ್ದು. ಹೆಸರು ನೋಡಿ ಭಕ್ತಿಯ ಪುಸ್ತಕ ಅಂದುಕೊಂಡಿದ್ದರಂತೆ. ಹತ್ತು ಪುಟ ಓದಿದ ಮೇಲೆ ದೇವರ ಕೋಣೆಯ ಪಕ್ಕದ ಕಪಾಟಿನಿಂದ ತೆಗೆದು ಅಡಿಕೆ ಸುಲಿಯುವ ಚಾವಡಿಗೆ ಸಾಗಿಸಿದರು. ಆದರೆ ಓದುವುದು ಬಿಡಲಿಲ್ಲ. ಒಂದು ತಿಂಗಳು, ಮಧ್ಯಾಹ್ನ ಊಟದ ಮೇಲೆ ಸ್ವಲ್ಪ ಸ್ವಲ್ಪ. ಮುಗಿದ ದಿನ ಫೋನ್ ಮಾಡಿದರು.

“ಅವರು ಹೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ ಮಗಾ. ಇಲ್ಲ ಅಂತಲೇ ಇರಲಿ. ಹಾಗಂತ ಸಂಜೆ ದೀಪ ಹಚ್ಚದೆ ಇರ್ಲಿಕ್ಕೆ ಆಗ್ತದಾ? ಆ ಹೊತ್ತಿಗೆ ಮತ್ತೆ ಎಂತ ಮಾಡುವುದು ನಾನು?”

ಚಿಕ್ಕಪ್ಪ ಹೋಗಿ ಆರು ವರ್ಷ ಆಯಿತು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಆ ಮನೆಯ ಸಂಜೆ ನನಗೆ ಗೊತ್ತು. ತೋಟದ ಕಡೆಯಿಂದ ಕತ್ತಲು ಅಂಗಳಕ್ಕೆ ಹತ್ತುತ್ತದೆ, ಜೀರುಂಡೆ ಶುರುವಾಗುತ್ತದೆ, ಚಿಕ್ಕಮ್ಮ ಕಾಲು ತೊಳೆದು ಒಳಗೆ ಹೋಗಿ ಬತ್ತಿ ಸರಿ ಮಾಡುತ್ತಾರೆ. ಅದು ಬಿಟ್ಟರೆ ರಾತ್ರಿಯವರೆಗೆ ಆ ಮನೆಯಲ್ಲಿ ಮಾಡುವ ಕೆಲಸ ಯಾವುದೂ ಇಲ್ಲ. ನಾನು ಫೋನಿನಲ್ಲಿ ವಾದ ಮಾಡಲಿಲ್ಲ. “ದೀಪ ಹಚ್ಚಿ ಚಿಕ್ಕಮ್ಮ, ದೀಪ ಬೇಡ ಅಂತ ಯಾರೂ ಹೇಳಿಲ್ಲ” ಅಂದೆ.

ಎರಡನೆಯವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಷ್ಟ್ರು. ಈಗ ಎಂಬತ್ತರ ಹತ್ತಿರ. ಪೆನ್ಸಿಲ್ ಹಿಡಿಯದೆ ಅವರು ಪುಸ್ತಕ ಓದುವುದಿಲ್ಲ. ನನ್ನ ಪ್ರತಿಯ ಅಂಚಿನ ತುಂಬ ಈಗ ಅವರ ಸಣ್ಣ ಅಕ್ಷರ. ಒಂದು ಕಡೆ ಅಚ್ಚಿನ ತಪ್ಪು ತಿದ್ದಿದ್ದಾರೆ. ಒಂದು ಕಡೆ ‘ವಾಕ್ಯ ಚೆನ್ನ’. ಇನ್ನೊಂದು ಕಡೆ ‘ಹಾಗಾದರೆ ನೀತಿ?’ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ಗೆರೆ ಎಷ್ಟು ಒತ್ತಿ ಎಳೆದಿದ್ದಾರೆ ಅಂದರೆ ಹಿಂದಿನ ಪುಟದಲ್ಲಿ ಕೈಯಾಡಿಸಿದರೂ ಗೊತ್ತಾಗುತ್ತದೆ. ಅವರಿಗೆ ಸಿಟ್ಟು ಬಂದಿತ್ತು.

“ತೊಂಬತ್ತೊಂದು ವರ್ಷಕ್ಕೆ ಬರೆಯುವ ಪುಸ್ತಕವಾ ಇದು? ನಾಲ್ಕು ಜನ ಹಿಡಿದುಕೊಂಡ ಊರುಗೋಲು ಎಳೆದರೆ ಬದಲಿಗೆ ಎಂತ ಕೊಡ್ತಾರೆ ಅವರು?”

ಮಾಷ್ಟ್ರ ಮೇಲೆ ನನಗೆ ತುಂಬ ಗೌರವ. ಆದರೆ ಈ ವಯಸ್ಸಿನ ಮಾತು ನನಗೆ ಸರಿ ಕಾಣಲಿಲ್ಲ. ಚಿಕ್ಕವರು ಕೇಳಿದರೆ ‘ಬಿಸಿ ರಕ್ತ, ಪೆಟ್ಟು ಬಿದ್ದಾಗ ಗೊತ್ತಾಗ್ತದೆ’ ಅನ್ನುತ್ತೇವೆ. ಮುದುಕರು ಕೇಳಿದರೆ ‘ಅರಳು ಮರಳು’. ಭಗತ್ ಸಿಂಗ್ ತಾನು ಯಾಕೆ ನಾಸ್ತಿಕ ಅಂತ 1930ರಲ್ಲಿ ಲಾಹೋರ್ ಜೈಲಿನಲ್ಲಿ ಕೂತು ಬರೆದಾಗ ಅವನಿಗೆ 23. ಅವನ ದೇವರಿಲ್ಲದಿಕೆಗೆ ಅಹಂಕಾರವೇ ಕಾರಣ ಅಂತ ಗೆಳೆಯರೇ ಹೇಳಿದ್ದರು, ಆ ಬರಹ ಶುರುವಾಗುವುದೇ ಆ ಮಾತಿಗೆ ಉತ್ತರವಾಗಿ. 23ಕ್ಕೆ ಅಹಂಕಾರ, 91ಕ್ಕೆ ಅರಳು ಮರಳು ಅಂತಾದರೆ ಕೇಳಬಹುದಾದ ವಯಸ್ಸು ಯಾವುದು? ಮೂರ್ತಿರಾಯರು ಸಾವು ಹತ್ತಿರ ಬಂದಾಗ ಹೆದರಿ ಬರೆದದ್ದಂತೂ ಅಲ್ಲ, ಅದಾದ ಮೇಲೆ 2003ರವರೆಗೂ ಇದ್ದರು. ಇಷ್ಟನ್ನೂ ಮಾಷ್ಟ್ರ ಹತ್ತಿರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ವಯಸ್ಸಿನ ಮಾತು ವಾಪಸ್ ತಗೊಂಡೆ. ನೀತಿಯ ಪ್ರಶ್ನೆ ಬಿಡುವುದಿಲ್ಲ” ಅಂದರು. ಆ ಚರ್ಚೆ ಈಗಲೂ ನಡೀತಾ ಉಂಟು, ನಮ್ಮಿಬ್ಬರಿಗೂ ಅದು ಬೇಕು.

ಮೂರನೆಯವನು ಆಫೀಸಿನ ಗೆಳೆಯ. ಮನೆಮಾತು ಮಲಯಾಳ, ಓದಿದ್ದು ಕನ್ನಡ ಮೀಡಿಯಂ. ಕಾಸರಗೋಡಿನಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ. ಅವನು ಯುಕ್ತಿವಾದಿ, ಅಂದರೆ ವಿಚಾರವಾದಿ. ಅವನಿಗೆ ಪುಸ್ತಕ ತೀರಾ ಮೆತ್ತಗೆ ಅನಿಸಿತು. “ಇಷ್ಟು ಮರ್ಯಾದೆ ಕೊಟ್ಟು ಹೇಳಿದರೆ ಯಾರ ತಲೆಗೆ ಹೋಗ್ತದೆ?” ಅಂದ. ಅವನ ಲೆಕ್ಕವೇ ಬೇರೆ. ಕೇರಳದಲ್ಲಿ ನಾರಾಯಣ ಗುರುಗಳು ಮನುಷ್ಯನಿಗೆ ಒಂದು ಜಾತಿ, ಒಂದು ಮತ, ಒಂದು ದೈವ ಅಂದರೆ, ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ ಅದನ್ನೇ ತಿರುಗಿಸಿ ಜಾತಿ ಬೇಡ, ಮತ ಬೇಡ, ದೈವ ಬೇಡ ಅಂದವರು. ಬರೀ ಹೇಳಿದ್ದಲ್ಲ, 1917ರಲ್ಲಿ ಚೆರಾಯಿಯಲ್ಲಿ ಎಲ್ಲ ಜಾತಿಯವರನ್ನು ಒಟ್ಟಿಗೆ ಕೂರಿಸಿ ಊಟ ಮಾಡಿಸಿ, ತಮ್ಮ ಜಾತಿಯವರಿಂದಲೇ ಬೈಸಿಕೊಂಡರು. ಅಲ್ಲಿ ದೇವರ ಪ್ರಶ್ನೆ ಬಂದದ್ದು ಪಂಕ್ತಿಯ ಮೂಲಕ. ಯಾರು ಯಾರ ಪಕ್ಕ ಉಣ್ಣಬಹುದು ಅನ್ನುವ ದಾರಿಯಲ್ಲಿ. ಮೂರ್ತಿರಾಯರಿಗೆ ಅದು ಬಂದದ್ದು ಓದು, ಯೋಚನೆಯ ದಾರಿಯಲ್ಲಿ. ಗೆಳೆಯನಿಗೆ ಇದರಲ್ಲಿ ಜಗಳ ಸಾಲಲಿಲ್ಲ. ಅವನ ಮಾತಿನಲ್ಲಿ ನ್ಯಾಯ ಉಂಟು ಅಂತ ನನಗೂ ಅನಿಸಿತು. ಆದರೆ ಜಗಳದ ಪುಸ್ತಕ ಆಗಿದ್ದರೆ ಚಿಕ್ಕಮ್ಮ ಹತ್ತನೇ ಪುಟಕ್ಕೇ ಮುಚ್ಚಿಡುತ್ತಿದ್ದರು.

ನಾಲ್ಕನೆಯವನ ಮಾತು ನನಗೆ ಎಲ್ಲಕ್ಕಿಂತ ಹೊಸತು. ನಮ್ಮ ಮನೆಯ ಹತ್ತಿರದ ಹುಡುಗ, ವಯರಿಂಗ್ ಕೆಲಸ ಮಾಡುತ್ತಾನೆ, ಮನೆಯಲ್ಲಿ ತುಳು. ಅವನ ಮನೆಯವರಿಗೆ ಊರಿನ ದೈವಸ್ಥಾನದಲ್ಲಿ ಚಾಕರಿ ಉಂಟು. ಅರವತ್ತು ಪುಟ ಓದಿ ಬಂದು ಕೇಳಿದ: “ಅಕ್ಕಾ, ದೇವರು ಇಲ್ಲ ಅಂದರು, ಆಯ್ತು. ದೈವದ ಬಗ್ಗೆ ಎಂತ ಬರೆದಿದ್ದಾರೆ?”

ನಾನು ಉತ್ತರ ಕೊಡದೆ ಕೂತೆ. ಮಲಯಾಳದಲ್ಲಿ ‘ದೈವಂ’ ಅಂದರೆ ದೇವರೇ. ಆದರೆ ತುಳುನಾಡಿನಲ್ಲಿ ದೇವರು ಬೇರೆ, ದೈವ ಬೇರೆ. ಪಂಜುರ್ಲಿಯಾಗಲಿ ಗುಳಿಗನಾಗಲಿ ಜಗತ್ತು ಸೃಷ್ಟಿಸಿದ್ದು ಅಂತ ಯಾರೂ ಹೇಳಿಲ್ಲ. ಸರ್ವಶಕ್ತ ಅಂತಲೂ ಹೇಳಿಲ್ಲ. ದೈವಕ್ಕೆ ಸಿಟ್ಟು ಬರುತ್ತದೆ, ಹಸಿವಾಗುತ್ತದೆ, ಕೊಟ್ಟ ಮಾತು ತಪ್ಪಿದರೆ ಕೇಳುತ್ತದೆ. ಕೋಲದ ದಿನ ಎದುರಿಗೆ ನಿಂತು ಹೆಸರು ಹಿಡಿದು ಕರೆದು ನುಡಿ ಕೊಡುತ್ತದೆ. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಭೂತ ಅಂತ ಒಂದು ದೈವ ಉಂಟು, ಹೆಸರೇ ಮುಸ್ಲಿಂ ಹೆಸರು. ‘ಎಲ್ಲ ಬಲ್ಲವನಾದರೆ, ಕರುಣೆ ಇರುವವನಾದರೆ ಈ ಕಷ್ಟ ಯಾಕೆ’ ಅನ್ನುವ ತರ್ಕ ದೇವರಿಗೆ ಸರಿಯಾಗಿ ತಾಗುತ್ತದೆ. ದೈವಕ್ಕೆ ತಾಗುವುದೇ ಇಲ್ಲ. ದೈವ ಅಂದರೆ ಊರಿನ ಹಿರಿಯನ ಹಾಗೆ. ಹಿರಿಯ ತಪ್ಪು ಮಾಡಬಹುದು, ಮುನಿಯಬಹುದು. ಅದರಿಂದ ಹಿರಿಯ ಇಲ್ಲ ಅಂತ ಆಗುವುದಿಲ್ಲ. ನನಗೆ ದೈವದಲ್ಲೂ ನಂಬಿಕೆ ಇಲ್ಲ. ಆದರೆ ನಾನು ಮೂರು ಸಲ ಓದಿದ ಪುಸ್ತಕದಲ್ಲಿ ನನಗೆ ಕಾಣದ ಜಾಗವನ್ನು ಇವನು ಅರವತ್ತು ಪುಟದಲ್ಲಿ ಕಂಡ. “ಇದನ್ನು ನೀನೇ ಬರಿ” ಅಂದಿದ್ದೇನೆ. ನಗುತ್ತಾನೆ.

ಈ ನಾಲ್ಕು ಜನರ ಮಾತನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ಪುಸ್ತಕ ಕೇಳಿದ್ದು ‘ಇದ್ದಾನಾ?’ ಅಂತ. ‘ಇದ್ದಾನೆ’ ಅಂತ ಒಬ್ಬರೂ ಹೇಳಲಿಲ್ಲ. ಚಿಕ್ಕಮ್ಮ ಬೇಕು ಅಂದರು, ಮಾಷ್ಟ್ರು ಸಮಾಜಕ್ಕೆ ಬೇಕು ಅಂದರು, ಗೆಳೆಯ ಬೇಡ ಅಂದ, ಹುಡುಗ ನಮ್ಮದು ಬೇರೆ ಅಂದ. ಇದ್ದಾನಾ ಅನ್ನುವ ಪ್ರಶ್ನೆ ಎಲ್ಲರ ಅಂಗಳದಲ್ಲೂ ಕೂತು, ಕಾಫಿ ಕುಡಿದು ಎದ್ದು ಬಂತು. ನಮ್ಮೂರಲ್ಲಿ ‘ಪ್ರಶ್ನೆ’ ಅಂದರೆ ಜೋಯಿಸರು ಕವಡೆ ಹಾಕಿ ನೋಡುವುದು ಅಂತಲೇ ಅರ್ಥ. ‘ಪ್ರಶ್ನೆ ಇಡಿಸಿದ್ದೇವೆ’ ಅನ್ನುತ್ತಾರೆ. ಆ ಪ್ರಶ್ನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಯಾಕೆ, ಪರಿಹಾರ ಏನು ಅಂತ ಕೇಳಬಹುದು. ದೇವರು ಇದ್ದಾನಾ ಅಂತಲೇ ಕೇಳುವ ಹಾಗಿಲ್ಲ.

ಐದನೆಯ ಮನೆ ಎಣ್ಮಕಜೆ ಕಡೆ. ದೂರದ ಸಂಬಂಧದ ಅಕ್ಕ. ಅವರ ಮಗನಿಗೆ ಈಗ ಮೂವತ್ತು ದಾಟಿದೆ. ಹುಟ್ಟಿದಾಗಿನಿಂದ ಎದ್ದು ಕೂತಿಲ್ಲ, ಮಾತಿಲ್ಲ. ಆ ಕಡೆಯ ಕಥೆ ನಿಮಗೆ ಗೊತ್ತಿರುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟರು. ಕೆಳಗೆ ತೋಡು, ನೀರಿನ ಸುರಂಗ, ಬಾವಿ, ಮನೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕುವಾಗ 2011ರ ಮೇ ಆಗಿತ್ತು.

ಆ ಮನೆಗೆ ಈ ಪುಸ್ತಕ ಕೊಡಲು ನನಗೆ ಮನಸ್ಸಿರಲಿಲ್ಲ. ಚಿಕ್ಕಮ್ಮನಿಂದ ಸುದ್ದಿ ಕೇಳಿ ಅವರೇ ತರಿಸಿಕೊಂಡರು. ಭಾನುವಾರ ನಾನು ಹೋದಾಗ ಮಗನಿಗೆ ಗಂಜಿ ಉಣ್ಣಿಸುತ್ತಿದ್ದರು. ಒಂದು ಚಮಚ ಬಾಯಿಗಿಟ್ಟು, ಗಂಟಲಲ್ಲಿ ಎರಡು ಬೆರಳಿಟ್ಟು ಇಳಿಯಿತಾ ಅಂತ ನೋಡಿ, ಮತ್ತೆ ಇನ್ನೊಂದು ಚಮಚ. ಅರ್ಧ ಬಟ್ಟಲಿಗೆ ಮುಕ್ಕಾಲು ಗಂಟೆ. ಉಣ್ಣಿಸುತ್ತಲೇ ಮಾತಾಡಿದರು.

“ಪಾಪ ಮಾಡದವರಿಗೆ ಕಷ್ಟ ಯಾಕೆ ಅಂತ ಕೇಳಿದ್ದಾರಲ್ಲ, ಅದನ್ನು ಎರಡು ಸಲ ಓದಿದೆ. ಇವನು ಹುಟ್ಟಿದಾಗ ನಾಗದೋಷ ಅಂದರು. ದೈವದ ಮುನಿಸು ಅಂದರು. ಮೂರು ಸಲ ಪ್ರಶ್ನೆ ಇಡಿಸಿದೆವು. ಹಿಂದಿನ ಜನ್ಮದ್ದು ಅಂತ ಹೇಳಿದವರೂ ಇದ್ದಾರೆ, ಇದೇ ಜಗಲಿಯಲ್ಲಿ ಕೂತು, ಇವನ ಎದುರಿಗೇ. ನಾನು ನಂಬಿದೆ. ಹದಿನೈದು ವರ್ಷ ನಾನೇ ಏನೋ ತಪ್ಪು ಮಾಡಿದ್ದೇನೆ ಅಂತ ಇದ್ದೆ.”

ನಾನು ಏನೂ ಹೇಳಲಿಲ್ಲ.

“ಆಮೇಲೆ ಗೊತ್ತಾಯ್ತಲ್ಲ, ಅದು ಮೇಲಿಂದಲೇ ಬಂದದ್ದು, ಆದರೆ ಹೆಲಿಕಾಪ್ಟರಲ್ಲಿ ಅಂತ. ದೇವರು ಇದ್ದಾನೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಇಲ್ಲ ಅಂದರೆ ನನಗೆ ಸಮಾಧಾನವೇ, ಇವನನ್ನು ಹೀಗೆ ಮಾಡಿದ್ದು ಅವನಲ್ಲ ಅಂತ ಆಯ್ತು.”

ಗಂಜಿ ಮುಗಿಯಿತು. ಬಾಯಿ ಒರೆಸಿ, ಅವನನ್ನು ಗೋಡೆಯ ಕಡೆ ಮಗ್ಗುಲು ತಿರುಗಿಸಿ ಮಲಗಿಸಿ, ಒಳಗಿಂದ ಪುಸ್ತಕ ತಂದು ಕೊಟ್ಟರು.

“ಇವರು ದೇವರ ಹತ್ತಿರ ಇಷ್ಟು ಸರಿಯಾಗಿ ಲೆಕ್ಕ ಕೇಳಿದ್ದಾರಲ್ಲ. ಮದ್ದು ಬಿಟ್ಟವರ ಹತ್ತಿರ ಹೀಗೆ ಕೇಳಿದ ಪುಸ್ತಕ ಉಂಟಾ? ಇದ್ದರೆ ಅದನ್ನು ತಂದುಕೊಡು.”

ಹುಡುಕುತ್ತಿದ್ದೇನೆ. ಮುಂದಿನ ಭಾನುವಾರ ಹೋಗುವಾಗ ಬರಿಗೈಯಲ್ಲಿ ಹೋಗಬಾರದು.