ವೀರಗಲ್ಲಿನ ಮುಂದೆ ಒಂದು ಹೆಸರು

ಚಿತ್ರದುರ್ಗದ ಹತ್ತಿರದ ನಮ್ಮ ಊರಿನಲ್ಲಿ, ಆಂಜನೇಯನ ಗುಡಿಯ ಪಕ್ಕದ ಬೇವಿನ ಮರಕ್ಕೆ ಒರಗಿದಂತೆ ಒಂದು ವೀರಗಲ್ಲು ನಿಂತಿದೆ. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದು ಕಾದುತ್ತಿರುವ ವೀರ, ನಡುವಿನ ಹಂತದಲ್ಲಿ ಅವನನ್ನು ಇಬ್ಬದಿಯಿಂದ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ಅಂಚಿನಲ್ಲಿ ಸೂರ್ಯ ಚಂದ್ರರು. ತಲೆಮಾರುಗಳಿಂದ ಹಚ್ಚಿದ ಎಣ್ಣೆಗೆ ಕಲ್ಲು ಕಪ್ಪಾಗಿದೆ, ವೀರನ ಮುಖ ಸವೆದು ನುಣುಪಾಗಿದೆ. ಕಲ್ಲಿನ ಮೇಲೆ ಅಕ್ಷರವಿಲ್ಲ. ಅವನು ದೊರೆಗಾಗಿ ಬಿದ್ದನೋ, ತುರುಗಳ್ಳರಿಂದ ಊರಿನ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಬಿದ್ದನೋ, ಹೇಳುವವರು ಯಾರೂ ಉಳಿದಿಲ್ಲ. ಆದರೂ ಅವ್ವ ಪ್ರತಿ ಅಮಾವಾಸ್ಯೆಗೆ ಅಲ್ಲಿ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ದೀಪ ಹಚ್ಚುತ್ತಾಳೆ.

ಕಳೆದ ಬೇಸಿಗೆಯಲ್ಲಿ ಅವ್ವನನ್ನು ದೆಹಲಿಗೆ ಕರೆದುಕೊಂಡು ಹೋದಾಗ, ಇಂಡಿಯಾ ಗೇಟಿನ ಬಳಿ ಇರುವ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೂ ಹೋದೆವು. 2019ರ ಫೆಬ್ರವರಿ 25ರಂದು ಲೋಕಾರ್ಪಣೆಯಾದ ಈ ಸ್ಮಾರಕವನ್ನು ಚಕ್ರವ್ಯೂಹದ ಮಾದರಿಯಲ್ಲಿ, ಒಂದರೊಳಗೊಂದು ನಾಲ್ಕು ಸುತ್ತುಗಳಾಗಿ ಕಟ್ಟಿದ್ದಾರೆ. ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವರಿಗೆ ಸುತ್ತು ದಾಟಿ ಒಳಗೆ ಹೋಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಮರಗಳೇ ಕಾವಲಾಗಿ ನಿಂತ ರಕ್ಷಾ ಚಕ್ರ, ಅದರ ಒಳಗೆ ತ್ಯಾಗ ಚಕ್ರ, ಆಮೇಲೆ ವೀರತಾ ಚಕ್ರ, ಗರ್ಭಗುಡಿಯ ಸ್ಥಾನದಲ್ಲಿ ಅಮರ ಚಕ್ರದ ಆರದ ಜ್ಯೋತಿ.

ವೀರತಾ ಚಕ್ರದಲ್ಲಿ ಆರು ಕದನಗಳ ಕಂಚಿನ ಉಬ್ಬುಶಿಲ್ಪಗಳಿವೆ. ಅವುಗಳಲ್ಲಿ ರೆಜಾಂಗ್ ಲಾ ಕದನದ ಮುಂದೆ ನಾನು ಬಹಳ ಹೊತ್ತು ನಿಂತೆ. 1962ರ ಚೀನಾ ಯುದ್ಧದಲ್ಲಿ, ನವೆಂಬರ್ 18ರಂದು, ಲಡಾಖಿನ ಆ ಎತ್ತರದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವೂ ರೆಜಿಮೆಂಟಿನ ತುಕಡಿಯವರು ಕಡೆಯವರೆಗೂ ಹೋರಾಡಿದರು. ತಿಂಗಳುಗಳ ನಂತರ ಅಲ್ಲಿಗೆ ಹೋದವರಿಗೆ, ಹಿಮದಲ್ಲಿ ಹೆಪ್ಪುಗಟ್ಟಿದ ಯೋಧರು ಆಯುಧ ಹಿಡಿದ ಭಂಗಿಯಲ್ಲೇ ಕಂಡರು. ಅದನ್ನು ಅವ್ವನಿಗೆ ಹೇಳಿದಾಗ ಅವಳು, "ಹಂಗಾದ್ರೆ ಅವರನ್ನ ಕಲ್ಲಾಗೆ ಕೆತ್ತೋ ಕೆಲಸಾನೇ ಇರಲಿಲ್ಲ ಬಿಡಪ್ಪಾ" ಎಂದಳು. ನಮ್ಮೂರಿನ ಕಲ್ಲಿನ ಕೆಳಗಿನ ಹಂತ ನನ್ನ ಕಣ್ಣಿಗೆ ಕಟ್ಟಿತು.

ಅವ್ವ ಹೆಚ್ಚು ಹೊತ್ತು ಕಳೆದದ್ದು ತ್ಯಾಗ ಚಕ್ರದಲ್ಲಿ. ಅಲ್ಲಿ ಸ್ವಾತಂತ್ರ್ಯಾನಂತರ ದೇಶಕ್ಕಾಗಿ ಪ್ರಾಣ ಕೊಟ್ಟವರ ಹೆಸರುಗಳನ್ನು ಗ್ರಾನೈಟ್ ಫಲಕಗಳ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ, ಒಬ್ಬರಿಗೊಂದು ಫಲಕದಂತೆ ಕೆತ್ತಿದ್ದಾರೆ. ಲೋಕಾರ್ಪಣೆಯ ಹೊತ್ತಿಗೆ ಅವು 25,942 ಇದ್ದವು. ಆ ಲಿಪಿ ಅವಳಿಗೆ ಬರುವುದಿಲ್ಲ. ಒಂದು ಫಲಕದ ಮೇಲೆ ಬೆರಳಿಟ್ಟು, ರೊಟ್ಟಿ ಹಂಚಿನ ಶಾಖಕ್ಕೆ ಒರಟಾದ ಆ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ನಿಧಾನವಾಗಿ ಸರಿಸುತ್ತ, "ಓದಪ್ಪಾ" ಎಂದಳು. ಓದಿದೆ. ಅವಳೂ ಒಮ್ಮೆ ಹೇಳಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಮುಂದಿನ ಫಲಕಕ್ಕೆ ಬೆರಳಿಟ್ಟಳು. ಹೀಗೆ ಹತ್ತು, ಇಪ್ಪತ್ತು, ನಲವತ್ತು ಹೆಸರುಗಳಾದವು. ಗುಡಿಯಲ್ಲಿ ಅರ್ಚಕರು ಸಹಸ್ರನಾಮ ಹೇಳುತ್ತ ಹೆಸರಿಗೊಂದು ಬಿಲ್ವಪತ್ರೆ ಏರಿಸುವಾಗ ನನ್ನ ಮನಸ್ಸು ಎಷ್ಟೋ ಸಲ ಅಲೆದಾಡಿದೆ. ಅಂದು ಒಂದು ಹೆಸರಿಗೂ ಅಲೆಯಲಿಲ್ಲ, ಏಕೆಂದರೆ ಪ್ರತಿ ಹೆಸರಿನ ಹಿಂದೆಯೂ ಅದನ್ನು ಇಟ್ಟು, ತೊಟ್ಟಿಲಲ್ಲಿ ಕೂಗಿದ ಒಬ್ಬ ತಾಯಿ ಇದ್ದಳು. ನಾಮಸ್ಮರಣೆ ಎಂಬ ಮಾತಿನ ತೂಕ ನನಗೆ ತಿಳಿದದ್ದು ಆ ಗೋಡೆಯ ಮುಂದೆಯೇ.

ಈ ಸಲದ ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಎಂದಿನಂತೆ ಹಿರಿಯರಿಗೆ ಎಡೆ ಇಟ್ಟೆವು. ಹೊಸ ಪಂಚೆ, ಹೋಳಿಗೆ, ವಡೆ, ಅನ್ನ, ತುಪ್ಪ ಎಲ್ಲವೂ ಸಿದ್ಧವಾಗಿದ್ದವು. ಧೂಪ ಹಾಕುವ ಮೊದಲು ಅವ್ವ ಇನ್ನೊಂದು ಬಾಳೆಲೆಯಲ್ಲಿ ಎಲ್ಲವನ್ನೂ ಬಡಿಸಿ, ಅದನ್ನು ಹಿಡಿದುಕೊಂಡು ವೀರಗಲ್ಲಿನ ಕಡೆಗೆ ಹೊರಟಳು. ನಾನು ಎಣ್ಣೆಯ ಬಟ್ಟಲು ಹಿಡಿದು ಹಿಂದೆ ನಡೆದೆ. ಎಲೆಯನ್ನು ಕಲ್ಲಿನ ಮುಂದಿಟ್ಟು, ಸವೆದ ಮುಖಕ್ಕೆ ಎಣ್ಣೆ ಸವರಿ, ಅವಳು ನನ್ನ ಕಡೆ ತಿರುಗಿದಳು.

"ಅವತ್ತು ಮೊದಲು ಓದಿದ್ದೆಯಲ್ಲ, ಆ ಹುಡುಗನ ಹೆಸರು ಏನು?"

ಹೇಳಿದೆ. ಆ ಹೆಸರು ಅವನ ಮನೆಯವರದು; ಇಲ್ಲಿ ಬರೆಯಲಾರೆ. ಅವ್ವ ಕಲ್ಲಿನ ಮುಂದೆ ಕುಳಿತು ಆ ಹೆಸರನ್ನು ಮೂರು ಸಲ ಕೂಗಿ, ಊಟಕ್ಕೆ ಕರೆದಳು.