ಯಾವ ಪೇಪರ್ ನಂಬೋದು ಸಾರ್?

ಒಂದು ಕಾಲದಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿಯನ್ನು ಆರಿಸಿ ತಿದ್ದುವ ಜಾಗದಲ್ಲಿ, ಕೂತಿದ್ದೆ ಎಂದು ಗೊತ್ತಾದ ತಕ್ಷಣ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಮದುವೆ ಮನೆಯಾಗಲಿ, ಬಸ್ಸಿನಲ್ಲಾಗಲಿ, "ಎಲ್ಲ ಪೇಪರ್‌ಗಳೂ ಒಂದೊಂದು ಪಾರ್ಟಿ ಕಡೆ ಇವೆ ಅಲ್ವಾ ಸಾರ್, ಯಾವುದನ್ನ ನಂಬೋದು?" ಎನ್ನುತ್ತಾರೆ. ಕೇಳುವವರು ಉತ್ತರವಾಗಿ ಒಂದು ಹೆಸರನ್ನು ನಿರೀಕ್ಷಿಸುತ್ತಾರೆ. ಆ ಹೆಸರು ಅವರು ಈಗಾಗಲೇ ತರಿಸುತ್ತಿರುವ ಪೇಪರ್‌ದೇ ಆಗಿದ್ದರೆ ಅವರಿಗೆ ಖುಷಿ.

ನಾನು ಹೆಸರು ಹೇಳುವುದಿಲ್ಲ. ಜಾರಿಕೊಳ್ಳಲು ಅಲ್ಲ. ಪತ್ರಿಕೆ ಎನ್ನುವುದು ಇಡಿಯಾಗಿ ನಂಬುವ ಅಥವಾ ಇಡಿಯಾಗಿ ಬಿಡುವ ವಸ್ತು ಅಲ್ಲ ಎಂದು ನನಗೆ ಅನ್ನಿಸುತ್ತದೆ. ಕೃಷಿ ಮಾರುಕಟ್ಟೆಯ ಸುದ್ದಿಯನ್ನು ಅಚ್ಚುಕಟ್ಟಾಗಿ ಕೊಡುವ ಪೇಪರ್, ವಿಧಾನಸೌಧದ ಸುದ್ದಿಯಲ್ಲಿ ಒಬ್ಬ ನಾಯಕನ ಹಿಂದೆ ಓಡುತ್ತಿರಬಹುದು. ಸಂಪಾದಕೀಯದಲ್ಲಿ ನಿಮಗೆ ಸಿಟ್ಟು ಬರಿಸುವ ಪೇಪರ್‌ನ ಜಿಲ್ಲಾ ಪುಟ ಬೇರೆಲ್ಲರಿಗಿಂತ ಚೆನ್ನಾಗಿರಬಹುದು. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಯಾವ ವಿಷಯಕ್ಕೆ? ಯಾವ ಪುಟ?

ಮೊದಲು ಪಾರ್ಟಿ ವಿಚಾರ ಮುಗಿಸೋಣ. ನಮ್ಮ ನೆರೆಯ ರಾಜ್ಯಗಳಲ್ಲಿ ಇದು ಇಷ್ಟು ಗೊಂದಲದ ಪ್ರಶ್ನೆಯೇ ಅಲ್ಲ. ಕೇರಳದಲ್ಲಿ ದೇಶಾಭಿಮಾನಿ ಸಿಪಿಎಂ ಪತ್ರಿಕೆ. ಅದನ್ನು ಯಾರೂ ಮುಚ್ಚಿಡುವುದಿಲ್ಲ. ತಮಿಳುನಾಡಿನಲ್ಲಿ ಮುರಸೊಲಿ ಡಿಎಂಕೆಯದು. ಆಂಧ್ರದಲ್ಲಿ ರಾಮೋಜಿ ರಾವ್ 1974ರಲ್ಲಿ ಈನಾಡು ಶುರು ಮಾಡಿದರು. 1983ರ ಚುನಾವಣೆಯಲ್ಲಿ ಅದು ತೆಲುಗು ದೇಶಂ ಪಕ್ಷದ ಎನ್‌ಟಿಆರ್ ಬೆನ್ನಿಗೆ ನಿಂತಿತು. 2008ರಲ್ಲಿ ಆಗಿನ ಕಾಂಗ್ರೆಸ್ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಕುಟುಂಬದ ಸಾಕ್ಷಿ ಪತ್ರಿಕೆ ಬಂತು. ಅಲ್ಲಿನ ಓದುಗನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವುದು ಅಭ್ಯಾಸ. ಒಂದರಲ್ಲಿ ಸರ್ಕಾರ ಮುಳುಗುತ್ತಿದ್ದರೆ ಇನ್ನೊಂದರಲ್ಲಿ ಚಿನ್ನದ ಯುಗ. ನಡುವೆ ಎಲ್ಲೋ ಸತ್ಯ ಇದೆ ಎಂದು ಅವನು ಅಂದಾಜು ಹಾಕಿಕೊಳ್ಳುತ್ತಾನೆ.

ಕನ್ನಡದಲ್ಲಿ ಅಷ್ಟು ದೊಡ್ಡ ಮಟ್ಟದ, ಬಹಿರಂಗವಾಗಿ ಪಕ್ಷದ್ದೇ ಆದ ದಿನಪತ್ರಿಕೆ ಬೆಳೆಯಲಿಲ್ಲ. ಹಾಗಂತ ರಾಜಕೀಯದ ನಂಟು ಇಲ್ಲ ಎಂದಲ್ಲ. ಸಂಯುಕ್ತ ಕರ್ನಾಟಕ ಪತ್ರಿಕೆಯನ್ನು ಕಟ್ಟಿದವರಲ್ಲಿ ಒಬ್ಬರಾದ ರಂಗನಾಥ ದಿವಾಕರರು ಕಾಂಗ್ರೆಸ್ ನಾಯಕರು. ಮುಂದೆ ಕೇಂದ್ರದಲ್ಲಿ ಸಚಿವರಾದರು, ಬಿಹಾರದ ರಾಜ್ಯಪಾಲರಾದರು. ವಿಜಯ ಸಂಕೇಶ್ವರರು 1999ರಲ್ಲಿ ವಿಜಯ ಕರ್ನಾಟಕ ಶುರು ಮಾಡಿದ ಹೊತ್ತಿಗೆ ಧಾರವಾಡ ಉತ್ತರದಿಂದ ಬಿಜೆಪಿ ಸಂಸದರಾಗಿದ್ದವರು. 2006ರಲ್ಲಿ ಆ ಪತ್ರಿಕೆ ಟೈಮ್ಸ್ ಗುಂಪಿಗೆ ಹೋಯಿತು. 2012ರಲ್ಲಿ ಸಂಕೇಶ್ವರರು ವಿಜಯವಾಣಿ ತಂದರು. 1967ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಳಗದಿಂದ ಬಂದ ಕನ್ನಡಪ್ರಭ, ನಂತರ ರಾಜೀವ್ ಚಂದ್ರಶೇಖರ್ ಅವರ ಕಂಪನಿಯ ಕೈಗೆ ಬಂತು. ಅವರು 2018ರಲ್ಲಿ ಬಿಜೆಪಿ ಸೇರಿ 2021ರಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಇದ್ಯಾವುದೂ ಗುಟ್ಟಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಗಳು.

ಆದರೆ ಮಾಲೀಕ ಯಾರು ಎಂದು ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಾಲೀಕ ಬೆಳಗ್ಗೆ ಎದ್ದು ಪ್ರತಿ ಸುದ್ದಿಗೂ ಫೋನ್ ಮಾಡುವುದಿಲ್ಲ. ದಿನಕ್ಕೆ ನೂರಾರು ಸುದ್ದಿ ಬರುತ್ತವೆ. ಯಾವುದು ಲೀಡ್ ಅಂದರೆ ಪುಟದ ಮುಖ್ಯ ಸುದ್ದಿ, ಯಾವುದು ಒಳಪುಟದ ಸಿಂಗಲ್ ಕಾಲಂ, ಯಾವುದು ಕಸದ ಬುಟ್ಟಿ ಎಂದು ಡೆಸ್ಕಿನವರು ಸಂಜೆಯ ಅವಸರದಲ್ಲಿ ತೀರ್ಮಾನಿಸುತ್ತಾರೆ. ಮಾಲೀಕರಿಗೆ ಏನು ಇಷ್ಟ ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಎಲ್ಲರೂ ಊಹಿಸಿಕೊಂಡಿರುತ್ತಾರೆ. ಈ ಊಹೆ ಮಾಲೀಕನ ನಿಜವಾದ ಇಷ್ಟಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ ಎನ್ನುವುದು ನಾನು ಕಂಡದ್ದು. ರಾಜನಿಗಿಂತ ರಾಜಭಕ್ತಿ ಜಾಸ್ತಿ.

ನನ್ನನ್ನು ಕೇಳಿದರೆ, ಪಕ್ಷಕ್ಕಿಂತ ದೊಡ್ಡ ಒಲವು ಬೇರೆ ಇದೆ. ಅದು ಜಾಹೀರಾತು.

ಲೆಕ್ಕ ಸರಳ. ಪೇಪರಿಗೆ ನೀವು ಕೊಡುವ ಕೆಲವು ರೂಪಾಯಿಯಲ್ಲಿ ಏಜೆಂಟರ ಕಮಿಷನ್ ಹೋಗುತ್ತದೆ, ಸಾಗಾಟ ಹೋಗುತ್ತದೆ. ಉಳಿದದ್ದು ಕಾಗದ, ಮಸಿ, ಸಂಬಳಕ್ಕೆ ಸಾಲುವುದಿಲ್ಲ. ಕೊರತೆ ತುಂಬುವುದು ಜಾಹೀರಾತಿನ ದುಡ್ಡು. ಅದರಲ್ಲಿ ದೊಡ್ಡ ಪಾಲು ಸರ್ಕಾರದ್ದು. ರಾಜ್ಯದಲ್ಲಿ ವಾರ್ತಾ ಇಲಾಖೆ, ಜೊತೆಗೆ ನಿಗಮ, ಮಂಡಳಿ, ಪಾಲಿಕೆಗಳ ಟೆಂಡರ್ ಪ್ರಕಟಣೆಗಳು. ಹಾಗಾಗಿ ಅಧಿಕಾರದಲ್ಲಿ ಯಾವ ಪಕ್ಷ ಇದ್ದರೂ ಅದರ ಕಡೆ ಒಂದಿಷ್ಟು ಮೆತ್ತಗಾಗುವ ಗುಣ ಪತ್ರಿಕೆಗಳಿಗೆ ಬಂದುಬಿಡುತ್ತದೆ. ಐದು ವರ್ಷಕ್ಕೊಮ್ಮೆ ಸರ್ಕಾರ ಬದಲಾದಾಗ ಮುಖಪುಟದ ದನಿ ಬದಲಾಗುವುದನ್ನು ಗಮನಿಸಿ. ಓದುಗರು ಅದನ್ನು ಸಿದ್ಧಾಂತ ಎಂದುಕೊಳ್ಳುತ್ತಾರೆ. ಬಹಳ ಸಲ ಅದು ಸರ್ಕಾರದಿಂದ ಬರಬೇಕಾದ ಜಾಹೀರಾತಿನ ಬಿಲ್ ಬಾಕಿ.

ತಾಲ್ಲೂಕು ಮಟ್ಟದಲ್ಲಿ ಇದು ಇನ್ನೂ ಹತ್ತಿರದಿಂದ ಕಾಣುತ್ತದೆ. ನಿಮ್ಮೂರಿನ ಸುದ್ದಿ ಕಳಿಸುವವರು ಹೆಚ್ಚಿನ ಕಡೆ ಅರೆಕಾಲಿಕ ವರದಿಗಾರರು. ಅವರಿಗೆ ಸಿಗುವ ಗೌರವಧನ ಪೆಟ್ರೋಲಿಗೆ ಆದರೆ ಪುಣ್ಯ. ಎಷ್ಟೋ ಕಡೆ ಅವರೇ ಜಾಹೀರಾತನ್ನೂ ತರಬೇಕು, ಅದರ ಕಮಿಷನ್ನೇ ಅವರ ಸಂಪಾದನೆ. ಜಾತ್ರೆಗೆ ವಿಶೇಷ ಪುರವಣಿ, ಶಾಸಕರ ಹುಟ್ಟುಹಬ್ಬಕ್ಕೆ ಅರ್ಧ ಪುಟ ಶುಭಾಶಯ. ಸೋಮವಾರ ಶಾಸಕರ ಬಳಿ ಜಾಹೀರಾತು ಕೇಳಿದವನು ಗುರುವಾರ ಅದೇ ಶಾಸಕರ ರಸ್ತೆ ಕಾಮಗಾರಿ ಕಳಪೆ ಎಂದು ಹೇಗೆ ಬರೆದಾನು? ಬರೆಯುವವರೂ ಇದ್ದಾರೆ. ಅವರನ್ನು ನೋಡಿದ್ದೇನೆ, ಕೈ ಮುಗಿಯಬೇಕು. ಆದರೆ ಎಲ್ಲರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಜಾಹೀರಾತು ಜಾಹೀರಾತಿನ ವೇಷದಲ್ಲೇ ಬಂದರೆ ನನಗೆ ತಕರಾರಿಲ್ಲ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಬಿಜೆಪಿ ಸರ್ಕಾರದ 'ಭ್ರಷ್ಟಾಚಾರದ ದರಪಟ್ಟಿ' ಎಂದು ಕಾಂಗ್ರೆಸ್ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಕೊಟ್ಟಿತು. ಬಿಜೆಪಿ ಮಾನನಷ್ಟ ಮೊಕದ್ದಮೆ ಹಾಕಿತು. ಸರಿಯೋ ತಪ್ಪೋ, ಯಾರು ದುಡ್ಡು ಕೊಟ್ಟು ಹೇಳಿಸಿದ್ದು ಎಂದು ಓದಿದವರಿಗೆಲ್ಲ ಗೊತ್ತಿತ್ತು. ತೊಂದರೆ ಇರುವುದು ಸುದ್ದಿಯ ವೇಷದಲ್ಲಿ ಬರುವ ಜಾಹೀರಾತಿನಲ್ಲಿ. ಪೇಯ್ಡ್ ನ್ಯೂಸ್ ಅನ್ನುತ್ತೇವಲ್ಲ, ಅದು.

2009ರ ಮಹಾರಾಷ್ಟ್ರ ಚುನಾವಣೆಯ ಹೊತ್ತಿಗೆ ಆಗಿನ ಮುಖ್ಯಮಂತ್ರಿ ಅಶೋಕ್ ಚವಾಣ್ ಅವರನ್ನು ಹೊಗಳುವ ಬರಹಗಳು ಬೇರೆ ಬೇರೆ ಮರಾಠಿ ಪತ್ರಿಕೆಗಳಲ್ಲಿ ಪದಕ್ಕೆ ಪದ ಹೊಂದುವಂತೆ ಬಂದಿದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ದಿ ಹಿಂದೂನಲ್ಲಿ ಬರೆದರು. ಪೈಪೋಟಿಯಲ್ಲಿರುವ ಪತ್ರಿಕೆಗಳಿಗೆ ಒಂದೇ ದಿನಗಳಲ್ಲಿ ಒಂದೇ ವಾಕ್ಯ ಹೊಳೆಯುವುದು ಪವಾಡವೇ ಸರಿ. ದುಡ್ಡು ಕೊಟ್ಟಿದ್ದನ್ನು ಚವಾಣ್ ಒಪ್ಪಲಿಲ್ಲ. ಭಾರತೀಯ ಪತ್ರಿಕಾ ಮಂಡಳಿ ಇಬ್ಬರ ಉಪಸಮಿತಿ ಮಾಡಿತು. ಅವರು 2010ರಲ್ಲಿ 71 ಪುಟಗಳ ವರದಿ ಕೊಟ್ಟರು. ಅದರಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. ಮಂಡಳಿ ಪೂರ್ತಿ ವರದಿಯನ್ನು ಬದಿಗಿಟ್ಟು ಹೆಸರುಗಳಿಲ್ಲದ ಚಿಕ್ಕ ವರದಿಯನ್ನು ಹೊರಗೆ ಬಿಟ್ಟಿತು. ಪೂರ್ತಿ ವರದಿ ಜನರ ಕೈಗೆ ಬಂದಿದ್ದು 2011ರಲ್ಲಿ, ಮಾಹಿತಿ ಆಯೋಗ ಹೇಳಿದ ಮೇಲೆ. ಪತ್ರಿಕೆಗಳನ್ನು ಕಾಯಬೇಕಾದ ಸಂಸ್ಥೆಯೇ ಪತ್ರಿಕೆಗಳ ಹೆಸರು ಹೇಳಲು ಹಿಂಜರಿಯಿತು, ನೋಡಿ.

ಅದೇ 2011ರಲ್ಲಿ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. 2007ರ ಚುನಾವಣೆಯಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಂತೆ ಹಾಕಿಸಿದ ಪ್ರಚಾರದ ಖರ್ಚನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಗಮನಿಸಿ, ಶಿಕ್ಷೆ ಆಗಿದ್ದು ಅಭ್ಯರ್ಥಿಗೆ. ಪ್ರಕಟಿಸಿದವರಿಗಲ್ಲ. ಈಗ ಚುನಾವಣೆ ಬಂದರೆ ಜಿಲ್ಲೆ ಜಿಲ್ಲೆಯಲ್ಲೂ ಇಂಥದ್ದನ್ನು ನೋಡಲು ಎಂಸಿಎಂಸಿ (ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ) ಎಂಬ ಸಮಿತಿ ಕೂರುತ್ತದೆ. ಮತದಾನದ ದಿನ ಮತ್ತು ಅದರ ಹಿಂದಿನ ದಿನ ಪತ್ರಿಕೆಯಲ್ಲಿ ರಾಜಕೀಯ ಜಾಹೀರಾತು ಹಾಕಬೇಕಾದರೆ ಆ ಸಮಿತಿಯ ಒಪ್ಪಿಗೆ ಬೇಕು.

"ಹಾಗಾದರೆ ಜಾಹೀರಾತೇ ಇಲ್ಲದ ಪತ್ರಿಕೆ ನಂಬಬಹುದಾ?" ಎಂದು ಕೇಳುವ ಜಾಣರೂ ಇದ್ದಾರೆ. ಅದನ್ನೂ ಕನ್ನಡ ನೋಡಿದೆ. ಪಿ. ಲಂಕೇಶ್ 1980ರಲ್ಲಿ ಶುರು ಮಾಡಿದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗರು ಕೊಟ್ಟ ಕಾಸಿನಲ್ಲೇ ನಡೆಯಿತು. ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರವನ್ನು ಅದು ವಾರ ವಾರವೂ ಜಾಲಾಡಿತು. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಾಗ, ಅದರಲ್ಲಿ ಈ ಪತ್ರಿಕೆಯ ಪಾಲೂ ಇದೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಲಂಕೇಶ್ ನಿಷ್ಪಕ್ಷಪಾತಿಯಾಗಿದ್ದರಾ? ಖಂಡಿತ ಇಲ್ಲ. ಮುಂದೆ ಪ್ರಗತಿರಂಗ ಎಂದು ಪಕ್ಷವನ್ನೇ ಕಟ್ಟಿದರು, ಅದು ಕೈಗೂಡಲಿಲ್ಲ. ಆದರೂ ಜನ ನಂಬಿದರು. ಅವರು ಹೊಸ ಸರ್ಕಾರವನ್ನೂ ಬಿಡಲಿಲ್ಲ, ಅದರ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೂ ಕುಟುಕಿದರು ಎನ್ನುವುದು ಒಂದು ಕಾರಣ. ಬರೆದದ್ದಕ್ಕೆ ಅವರ ಹೆಸರು, ಮುಖ ಇತ್ತು ಎನ್ನುವುದು ಇನ್ನೊಂದು.

ಆದರೆ ಓದುಗನ ದುಡ್ಡಿಗೂ ಒಂದು ಸೆಳೆತ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಓದುಗನನ್ನೇ ನಂಬಿದ ಪತ್ರಿಕೆ ಓದುಗನಿಗೆ ಬೇಕಾದ್ದನ್ನೇ ಬರೆಯತೊಡಗುತ್ತದೆ. ವಾರಪತ್ರಿಕೆಗಳಲ್ಲಿ ರಾಜಕಾರಣಿಗಳ ಮನೆಯೊಳಗಿನ ಕತೆಗಳು ಹೇಗೆ ಹೆಚ್ಚಾಗುತ್ತಾ ಹೋದವು ಎಂದು ಆ ಕಾಲದವರು ನೆನಪಿಸಿಕೊಳ್ಳಿ. ಈಗಿನ ಚಂದಾ ಆಧಾರಿತ ವೆಬ್‌ಸೈಟ್‌ಗಳಿಗೂ, ಯೂಟ್ಯೂಬ್ ಚಾನೆಲ್‌ಗಳಿಗೂ ಇದೇ ಕಾಯಿಲೆ. ತಮ್ಮ ಬಳಗಕ್ಕೆ ಬೇಸರವಾಗುವ ಸುದ್ದಿಯನ್ನು ಅವು ಮುಟ್ಟುವುದಿಲ್ಲ.

ಸರಿ, ಒಲವನ್ನು ಹಿಡಿಯುವುದು ಹೇಗೆ? ಸಂಪಾದಕೀಯ ಓದಿ ಅಲ್ಲ. ಅಲ್ಲಿ ಅವರು ತಮ್ಮ ಅಭಿಪ್ರಾಯ ಹೇಳಲೇಬೇಕು, ಅದಕ್ಕೇ ಆ ಜಾಗ. ನಾನು ನೋಡುವುದು ಆರೋಪ ಬಂದಾಗ ಆರೋಪಕ್ಕೆ ಒಳಗಾದವನ ಉತ್ತರ ಎಲ್ಲಿದೆ ಎಂದು. ಮೊದಲ ದಿನವೇ, ಅದೇ ಸುದ್ದಿಯಲ್ಲಿ ಇದೆಯಾ? ಅಥವಾ ಮೂರನೇ ದಿನ ಒಂಬತ್ತನೇ ಪುಟದಲ್ಲಿ ಸ್ಪಷ್ಟನೆ ಎಂದು ಬಂತಾ? ಆರೋಪ ಮುಖಪುಟದಲ್ಲಿ ಐದು ಕಾಲಂ ಬಂದು, ಕೋರ್ಟು ಬಿಡುಗಡೆ ಮಾಡಿದ್ದು ಒಳಗೆ ನಾಲ್ಕು ಸಾಲು ಬಂದರೆ ಅದು ಕಣ್ಣಿಗೆ ಹೊಡೆಯುವ ಒಲವು. ಇನ್ನೊಂದು, 'ಮೂಲಗಳು ತಿಳಿಸಿವೆ' ಎನ್ನುವ ಸುದ್ದಿಗಳು. ಯಾವ ಅಧಿಕಾರಿ, ಯಾವ ಕಡತ, ಯಾವ ಸಭೆ ಎಂಬ ಒಂದು ಸುಳಿವೂ ಇಲ್ಲದೆ ಬರೀ ಮೂಲಗಳೇ ಮಾತಾಡುತ್ತಿದ್ದರೆ, ಆ ಸುದ್ದಿಯಿಂದ ಯಾರಿಗೆ ಲಾಭ ಎಂದು ಯೋಚಿಸಿ. ಬಹಳ ಸಲ ಮೂಲ ಅಲ್ಲೇ ಸಿಗುತ್ತದೆ.

ಇವೆಲ್ಲಕ್ಕಿಂತ ಕಷ್ಟದ್ದು ಬಾರದ ಸುದ್ದಿಯನ್ನು ಕಾಣುವುದು. ಒಂದೇ ಪೇಪರ್ ಓದುವವನಿಗೆ ಅದು ಕಾಣುವುದೇ ಇಲ್ಲ. ಮಂಗಳೂರು ಕಡೆಯವರಿಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ಹೊಸದಿಗಂತ ಸಂಘ ಪರಿವಾರದ ವಿಚಾರಕ್ಕೆ ಹತ್ತಿರ. ವಾರ್ತಾಭಾರತಿ ಅದರ ಎದುರು ದಿಕ್ಕಿನಲ್ಲಿದೆ. ಬಸ್ ನಿಲ್ದಾಣದಲ್ಲಿ ಒಂದು ಗಲಾಟೆಯಾದರೆ ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಯಾರ ಹೆಸರು ತಲೆಬರಹದಲ್ಲಿ ಬಂತು, ಯಾರ ಧರ್ಮ ಹೇಳಿದರು, ಯಾರನ್ನು ಸುಮ್ನೆ 'ಯುವಕರ ಗುಂಪು' ಎಂದು ಬಿಟ್ಟರು, ಆಸ್ಪತ್ರೆಯಲ್ಲಿರುವವನ ಮಾತು ಯಾರು ಕೇಳಿದರು. ಎರಡೂ ಒಪ್ಪುವ ಸಂಗತಿಗಳನ್ನು ಗಟ್ಟಿ ಎಂದು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಪೊಲೀಸರ ಎಫ್‌ಐಆರ್ ಬರುವ ತನಕ ಕಾಯಿರಿ. ಎಫ್‌ಐಆರೂ ಪೂರ್ತಿ ಸತ್ಯ ಅಲ್ಲ ಬಿಡಿ, ಆದರೆ ಅದಕ್ಕೆ ಸಹಿ ಹಾಕಿದವರೊಬ್ಬರು ಇರುತ್ತಾರೆ.

ನಂಬಿಕೆಗೆ ನನ್ನ ಪರೀಕ್ಷೆ ಒಂದೇ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಪತ್ರಿಕೆ ಏನು ಬರೆಯುತ್ತದೆ ನೋಡಿ. ನೀವು ಮೇಷ್ಟ್ರಾದರೆ ಶಾಲೆಯ ಸುದ್ದಿ, ಅಡಿಕೆ ಬೆಳೆಗಾರರಾದರೆ ಕೊಳೆರೋಗದ ಸುದ್ದಿ, ನ್ಯಾಯಾಲಯದಲ್ಲಿ ಕೆಲಸ ಮಾಡುವವರಾದರೆ ತೀರ್ಪಿನ ಸುದ್ದಿ. ಹೆಸರು, ಊರು, ಅಂಕಿ ಸರಿಯಿದೆಯಾ? ತಪ್ಪಾದರೆ ಮರುದಿನ ತಿದ್ದುಪಡಿ ಹಾಕಿದರಾ? ತಿದ್ದುಪಡಿ ಹಾಕುವ ಪತ್ರಿಕೆಯನ್ನು ಕಂಡು ಜನ "ಎಷ್ಟು ತಪ್ಪು ಮಾಡ್ತಾರೆ ನೋಡಿ" ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ಪತ್ರಿಕೆಗಳೂ ತಪ್ಪು ಮಾಡುತ್ತವೆ, ಕೆಲವು ಮಾತ್ರ ಹೇಳಿಕೊಳ್ಳುತ್ತವೆ. ಓದುಗರ ದೂರು ಕೇಳಲೆಂದೇ ದಿ ಹಿಂದೂ 2006ರಲ್ಲಿ ರೀಡರ್ಸ್ ಎಡಿಟರ್ ಎಂಬ ಹುದ್ದೆ ಮಾಡಿತು. ಪ್ರತಿ ಕನ್ನಡ ದಿನಪತ್ರಿಕೆಗೂ ಅಂಥ ಒಬ್ಬರು ಬೇಕು ಎಂದು ನನ್ನಾಸೆ.

ಹಾಗೆ ನೋಡುತ್ತಾ ಹೋದರೆ ನೀವು ಪತ್ರಿಕೆಯನ್ನು ಬಿಟ್ಟು ಬೈಲೈನ್, ಅಂದರೆ ಸುದ್ದಿಯ ಜೊತೆ ಬರುವ ವರದಿಗಾರರ ಹೆಸರನ್ನು, ನಂಬತೊಡಗುತ್ತೀರಿ. ನೀರಾವರಿ ಬಗ್ಗೆ ಇವರು ಬರೆದರೆ ಓದಬೇಕು, ಆರೋಗ್ಯ ಇಲಾಖೆ ಬಗ್ಗೆ ಅವರು ಬರೆದರೆ ಓದಬೇಕು ಎಂದು. ಒಳ್ಳೆಯ ವರದಿಗಾರರು ಪೇಪರ್ ಬದಲಿಸುತ್ತಾರೆ. ಅವರ ಹಿಂದೆ ಹೋಗುವುದರಲ್ಲಿ ತಪ್ಪಿಲ್ಲ.

ಮಾಲೀಕರ ಬಗ್ಗೆ ಕುತೂಹಲ ಇರುವವರಿಗೆ ಒಂದು ದಾರಿ ಹೇಳುತ್ತೇನೆ. 1956ರ ನಿಯಮದ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪತ್ರಿಕೆಗಳು 'ನಮೂನೆ 4' ಪ್ರಕಟಿಸಬೇಕಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲು ಇರುವವರ ಹೆಸರು ಅದರಲ್ಲಿರುತ್ತಿತ್ತು. ಗ್ರಂಥಾಲಯದಲ್ಲಿ ಹಳೇ ಮಾರ್ಚ್ ತಿಂಗಳ ಸಂಚಿಕೆ ತೆಗೆದರೆ ಸಿಗುತ್ತದೆ. ಇಷ್ಟು ಮುಖ್ಯವಾದ ವಿಷಯವನ್ನು ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದರು ಎನ್ನುವುದು ಬೇರೆ ಮಾತು.

"ಎಲ್ಲ ಸರಿ, ನೀವು ಯಾವುದನ್ನ ತರಿಸ್ತೀರಿ?" ಎಂದು ಕೊನೆಗೂ ಕೇಳಿಯೇ ಕೇಳುತ್ತಾರೆ. ಎರಡು ತರಿಸುತ್ತೇನೆ. ಒಂದನ್ನು ಆಗಾಗ ಬದಲಾಯಿಸುತ್ತೇನೆ, ಏಜೆಂಟ್ ಗೊಣಗುತ್ತಾರೆ. ಇನ್ನೊಂದನ್ನು ಬದಲಾಯಿಸಿಲ್ಲ. ಅದರ ಸಂಪಾದಕೀಯ ನನಗೆ ಒಪ್ಪಿಗೆಯಾಗುವುದು ಅಪರೂಪ. ಆದರೆ ನಮ್ಮ ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಕೊನೆಯ ತನಕ ಕೂತು, ಯಾವ ಸದಸ್ಯ ಯಾವ ಬಿಲ್ಲಿಗೆ ತಕರಾರು ಎತ್ತಿದ ಎಂದು ಬರೆಯುವ ವರದಿಗಾರ ಆ ಪೇಪರಿಗೆ ಮಾತ್ರ ಇದ್ದಾನೆ.